ನೆಲವನ್ನು ಓದುವ ವಿದ್ಯೆ: ಭೂದೃಶ್ಯ ವಾಸ್ತುಶಿಲ್ಪದ ಅಧ್ಯಯನ ಮತ್ತು ವೃತ್ತಿಮಾರ್ಗ

ಪೀಠಿಕೆ

ಜತ್ತ ತಾಲೂಕಿನ ಮಾಡಗ್ಯಾಳದ ಹೆಸರು ದೂರದ ಊರುಗಳಿಗೆ ತಲುಪಿರುವುದು ಬಹುಮಟ್ಟಿಗೆ ಅಲ್ಲಿಯ ಕುರಿಯ ಮೂಲಕ. ಎತ್ತರದ ಕಾಲು, ಬಾಗಿದ ಮೂಗು, ಬಿಳಿಯ ಮೈಮೇಲೆ ಕಂದು ಮಚ್ಚೆ, ಇವು ಮಾಡಗ್ಯಾಳ ತಳಿಯ ಲಕ್ಷಣಗಳು. ಈ ಕುರಿ ಮೇಯುವ ನೆಲ ಮಳೆನೆರಳಿನದು. ಸಹ್ಯಾದ್ರಿಯ ಮೇಲೆ ಸುರಿದು ಹಗುರಾದ ಮೋಡಗಳು ಸಾಂಗಲಿ ಜಿಲ್ಲೆಯ ಮೂಡಣ ಅಂಚಿಗೆ ಬರುವಷ್ಟರಲ್ಲಿ ಅವುಗಳಲ್ಲಿ ಹೆಚ್ಚಿನದೇನೂ ಉಳಿದಿರುವುದಿಲ್ಲ. ಮೇಲೆ ತೆಳುಮಣ್ಣಿನ ಮಾಳ, ಮಣ್ಣಿನ ಅಡಿಯಲ್ಲಿ ಮೊರಂ, ಅದರ ಅಡಿಯಲ್ಲಿ ಕರಿಕಲ್ಲು. ಇಳಿಜಾರಿನ ಕೊನೆಗೆ ಹಳ್ಳ, ಹಳ್ಳದ ದಂಡೆಗೆ ಕರಿಮಣ್ಣಿನ ಹೊಲ. ಯಾವ ತಿಂಗಳು ಯಾವ ಓರೆಯಲ್ಲಿ ಹುಲ್ಲು ಉಳಿದಿರುತ್ತದೆ, ಯಾವ ಹಳ್ಳದ ಮಡುವಿನಲ್ಲಿ ನೀರು ತಡವಾಗಿ ಬತ್ತುತ್ತದೆ, ಮಧ್ಯಾಹ್ನ ಹಿಂಡನ್ನು ಯಾವ ಮರದಡಿ ನಿಲ್ಲಿಸಬೇಕು ಎಂಬುದು ಕುರುಬನಿಗೆ ತಿಳಿದಿದೆ. ಅವನು ಅದನ್ನು ಬರೆದಿಟ್ಟಿಲ್ಲ. ಆದರೆ ದಿನವೂ ಓದುತ್ತಾನೆ.

ನೆಲವನ್ನು ಹೀಗೆ ಓದಿ, ಓದಿದ್ದನ್ನು ನಕ್ಷೆಗಿಳಿಸಿ, ಅದರ ಮೇಲೆ ಏನನ್ನು ಕಟ್ಟಬೇಕು, ಏನನ್ನು ನೆಡಬೇಕು, ಏನನ್ನು ಮುಟ್ಟದೆ ಬಿಡಬೇಕು ಎಂದು ನಿರ್ಧರಿಸುವ ಶಾಸ್ತ್ರವೊಂದು ವಿಶ್ವವಿದ್ಯಾಲಯಗಳಲ್ಲಿದೆ. ಅದಕ್ಕೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಎಂದು ಹೆಸರು; ಕನ್ನಡದಲ್ಲಿ ಭೂದೃಶ್ಯ ವಾಸ್ತುಶಿಲ್ಪ ಎನ್ನುತ್ತಾರೆ. ಐಚ್ಛಿಕ ಕನ್ನಡದ ಅಭ್ಯಾಸಿಗಳಿಗೆ ಈ ವಿಷಯದ ಪರಿಚಯ ಬೇಕಾಗಿರುವುದಕ್ಕೆ ಎರಡು ಕಾರಣಗಳಿವೆ. ಈ ವಿದ್ಯೆಯ ಬೇರುಗಳು ಕನ್ನಡ ಶಾಸ್ತ್ರಸಾಹಿತ್ಯದಲ್ಲಿಯೇ ಇರುವುದು ಮೊದಲನೆಯದು. ಎರಡನೆಯದು ಹೆಚ್ಚು ತುರ್ತಿನದು. ಗಡಿಭಾಗದ ಹಳ್ಳಿಗಳಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ಮಗುವಿಗೆ ಮುಂದೇನು ಓದಬೇಕೆಂದು ಹೇಳುವವರು, ಅನೇಕ ಮನೆಗಳಲ್ಲಿ, ಕಾಲೇಜಿನ ಮೆಟ್ಟಿಲು ಹತ್ತಿದ ಅಕ್ಕ ಅಥವಾ ಅಣ್ಣ ಮಾತ್ರ. ಆ ಅಕ್ಕನಿಗೆ ಗೊತ್ತಿಲ್ಲದ ದಾರಿ ಆ ಮನೆಯ ಪಾಲಿಗೆ ಇಲ್ಲದ ದಾರಿಯೇ ಆಗುತ್ತದೆ.

1. ಹೆಸರು ಮತ್ತು ವ್ಯಾಪ್ತಿ

ಭೂದೃಶ್ಯ ಎಂಬ ಪದವನ್ನು ಕೇಳಿದೊಡನೆ ಹಸಿರು ಹುಲ್ಲುಹಾಸು, ಕತ್ತರಿಸಿದ ಬೇಲಿ, ಕಾರಂಜಿ ಕಣ್ಣಮುಂದೆ ಬರುತ್ತವೆ. ತೋಟಗಾರಿಕೆ ಈ ವಿದ್ಯೆಯ ಒಂದು ಅಂಗ ಮಾತ್ರ. ಕಟ್ಟಡದ ಗೋಡೆಯ ಹೊರಗೆ ಇರುವುದೆಲ್ಲವೂ ಅದರ ವ್ಯಾಪ್ತಿಗೆ ಬರುತ್ತದೆ: ರಸ್ತೆಯ ಮರಸಾಲು, ಆಸ್ಪತ್ರೆಯ ಅಂಗಳ, ಕೆರೆಯ ದಂಡೆ, ಗಣಿಯಿಂದ ಹಾಳಾದ ಗುಡ್ಡ, ಜಾತ್ರೆಯ ಬಯಲು, ನದಿಯ ಪಾತ್ರ, ಸ್ಮಶಾನ, ಗಾಯರಾಣ. ವಾಸ್ತುಶಿಲ್ಪಿ ಕಟ್ಟಡದ ಒಳಗಿನ ಬದುಕಿಗೆ ರೂಪ ಕೊಡುತ್ತಾನೆ. ಭೂದೃಶ್ಯ ವಾಸ್ತುಶಿಲ್ಪಿ ನೆಲ, ನೀರು, ಸಸ್ಯ, ಪ್ರಾಣಿ, ಮನುಷ್ಯ ಇವುಗಳ ನಡುವಿನ ಸಂಬಂಧಕ್ಕೆ ರೂಪ ಕೊಡುತ್ತಾನೆ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಕಟ್ಟಡ ಮುಗಿದ ದಿನ ಪೂರ್ಣವಾಗಿರುತ್ತದೆ, ಅಲ್ಲಿಂದ ಮುಂದೆ ಹಳತಾಗುತ್ತದೆ. ನೆಟ್ಟ ಹುಣಸೆಯ ಸಸಿ ನೆಟ್ಟ ದಿನ ಏನೂ ಅಲ್ಲ. ಅದು ನೆರಳಾಗಲು ಒಂದು ತಲೆಮಾರು ಬೇಕು. ಆದ್ದರಿಂದ ಈ ವೃತ್ತಿಯವರು ತಾವು ಪೂರ್ಣವಾಗಿ ನೋಡಲಾರದ ಕೆಲಸವನ್ನು ಮಾಡುತ್ತಾರೆ.

2. ಕನ್ನಡ ಶಾಸ್ತ್ರಸಾಹಿತ್ಯದಲ್ಲಿ ಈ ವಿದ್ಯೆ

ಶಾಸ್ತ್ರಸಾಹಿತ್ಯದ ಪತ್ರಿಕೆಯನ್ನು ಓದುವವರಿಗೆ ಎರಡನೆಯ ಚಾವುಂಡರಾಯನ ಲೋಕೋಪಕಾರ ಹೊಸದಲ್ಲ. ಕಲ್ಯಾಣದ ಚಾಳುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ ರಚಿತವಾದ ಈ ಕೃತಿಯನ್ನು ಪರೀಕ್ಷೆಯ ಉತ್ತರಗಳಲ್ಲಿ ಸಾಮಾನ್ಯವಾಗಿ ಕನ್ನಡದ ಹಳೆಯ ವಿಶ್ವಕೋಶವೆಂದು ಒಂದು ಸಾಲಿನಲ್ಲಿ ಹೇಳಿ ಬಿಡಲಾಗುತ್ತದೆ. ಅದರ ಅಧ್ಯಾಯಗಳ ವಿಷಯವನ್ನು ಈ ಲೇಖನದ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ಮನೆ ಕಟ್ಟುವ ವಾಸ್ತು, ನೆಲದಡಿಯ ನೀರನ್ನು ಗುರುತಿಸುವ ಉದಕಾರ್ಗಳ, ಗಿಡಮರಗಳನ್ನು ಬೆಳೆಸಿ ಕಾಪಾಡುವ ವೃಕ್ಷಾಯುರ್ವೇದ, ಈ ಮೂರೂ ಅಲ್ಲಿ ಒಂದೇ ಗ್ರಂಥದಲ್ಲಿವೆ. ಇಂದು ವಾಸ್ತುಶಿಲ್ಪವನ್ನು ಒಂದು ಕಾಲೇಜಿನಲ್ಲಿ, ಅಂತರ್ಜಲವನ್ನು ಇನ್ನೊಂದರಲ್ಲಿ, ಸಸ್ಯವಿಜ್ಞಾನವನ್ನು ಮತ್ತೊಂದರಲ್ಲಿ ಕಲಿಸುತ್ತಾರೆ. ಈ ಮೂರನ್ನೂ ಮತ್ತೆ ಒಂದು ಮೇಜಿನ ಮೇಲೆ ತರುವ ವಿದ್ಯೆಯೇ ಭೂದೃಶ್ಯ ವಾಸ್ತುಶಿಲ್ಪ.

ಉದಕಾರ್ಗಳದ ಪರಂಪರೆ ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯವರೆಗೆ ಹೋಗುತ್ತದೆ. ಮರದ ಜಾತಿ, ಹುತ್ತ, ಮಣ್ಣಿನ ಬಣ್ಣ, ಕಲ್ಲಿನ ಬಗೆ ಇವುಗಳನ್ನು ಗುರುತಾಗಿಟ್ಟುಕೊಂಡು ನೀರಿನ ಇರವನ್ನು ಊಹಿಸುವ ಕ್ರಮ ಅದರಲ್ಲಿದೆ. ಅಲ್ಲಿಯ ಪ್ರತಿ ಸೂಚನೆಯೂ ಇಂದಿನ ಭೂಜಲಶಾಸ್ತ್ರದ ಪರೀಕ್ಷೆಯಲ್ಲಿ ಗೆಲ್ಲುತ್ತದೆಂದು ಹೇಳಲಾಗದು. ಆದರೆ ಮೇಲೆ ಕಾಣುವುದರಿಂದ ಕೆಳಗೆ ಕಾಣದಿರುವುದನ್ನು ತಿಳಿಯಬಹುದೆಂಬ ಅದರ ವಿಧಾನ ಇಂದಿಗೂ ಈ ಶಾಸ್ತ್ರದ ಮೊದಲ ಪಾಠವಾಗಿದೆ.

ಕಾವ್ಯದ ಕಡೆಯಿಂದಲೂ ಒಂದು ಬಾಗಿಲಿದೆ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ನಗರ, ಸಮುದ್ರ, ಪರ್ವತ, ಋತು, ಉದ್ಯಾನ, ಜಲಕ್ರೀಡೆ ಇವೆ. ವಿದ್ಯಾರ್ಥಿಗಳು ಅವನ್ನು ಅಲಂಕಾರವೆಂದು ತಿಳಿದು ದಾಟಿಹೋಗುವುದುಂಟು. ನಿಜದಲ್ಲಿ ಅವು ಒಂದು ನೆಲವನ್ನು ಎತ್ತರ, ನೀರು, ಕಾಲ, ಬಳಕೆ ಎಂಬ ಬೇರೆ ಬೇರೆ ನಿಲುವುಗಳಿಂದ ಕ್ರಮವಾಗಿ ನೋಡುವ ಶಿಸ್ತು. ಇಂದು ಸ್ಥಳದ ಅಧ್ಯಯನಕ್ಕೆ ಹೋಗುವ ವಿದ್ಯಾರ್ಥಿಯ ಕೈಯಲ್ಲಿರುವ ಪಟ್ಟಿಯೂ ಹೆಚ್ಚುಕಡಿಮೆ ಇದೇ.

ಈ ವಿದ್ಯೆಯ ಪ್ರತ್ಯಕ್ಷ ಉದಾಹರಣೆಗಾಗಿ ಜತ್ತದ ಅಭ್ಯಾಸಿಗಳು ದೂರ ಹೋಗಬೇಕಾಗಿಲ್ಲ. ನೆರೆಯ ವಿಜಯಪುರವೂ ಒಣನೆಲದ ಮೇಲೆ ನಿಂತ ರಾಜಧಾನಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದ ತಾಜ್ ಬಾವಡಿ (1620), ಮುಹಮ್ಮದ್ ಆದಿಲ್‌ಶಾಹನ ಕಾಲದ ಬೇಗಂ ತಲಾಬ್ (1651), ತೊರವಿಯ ಕಡೆಯಿಂದ ನೆಲದಡಿಯಲ್ಲಿ ನೀರು ತಂದ ಸುರಂಗ, ಕೊಳವೆಗಳಲ್ಲಿ ನೀರಿನ ಒತ್ತಡವನ್ನು ಹದಗೊಳಿಸಲು ಅಲ್ಲಲ್ಲಿ ಎಬ್ಬಿಸಿದ ಗಂಜ್ ಎಂಬ ಗೋಪುರಗಳು, ಇವೆಲ್ಲ ಸೇರಿ ಒಂದು ನಗರಕ್ಕೆ ನೀರುಣಿಸಿದವು. ಗೋಲಗುಮ್ಮಟವನ್ನು ನೋಡಲು ಹೋದವರು ಈ ನೀರಿನ ದಾರಿಯನ್ನೂ ಹುಡುಕಿ ನೋಡಿದರೆ, ಆ ಗುಮ್ಮಟವನ್ನು ಕಟ್ಟಿದ ಜನ ಏನು ಕುಡಿದರು ಎಂಬ ಪ್ರಶ್ನೆಗೂ ಉತ್ತರ ದೊರೆಯುತ್ತದೆ.

3. ಆಧುನಿಕ ವೃತ್ತಿಯ ಹುಟ್ಟು

ಪ್ರತ್ಯೇಕ ವೃತ್ತಿಯಾಗಿ ಇದು ಬೆಳೆದುದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ. ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನ ಸ್ಪರ್ಧೆಯಲ್ಲಿ 1858ರಲ್ಲಿ ಗೆದ್ದ ಯೋಜನೆ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಅವರದು. ಕನ್ನಡ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿಯೆಂದರೆ, ಓಮ್‌ಸ್ಟೆಡ್ ಈ ವಿಷಯದಲ್ಲಿ ಪದವಿ ಪಡೆದವನಲ್ಲ; ಆಗ ಅಂಥ ಪದವಿಯೇ ಇರಲಿಲ್ಲ. ಅವನು ಬೇಸಾಯ ಮಾಡಿದವನು ಮತ್ತು ಲೇಖಕ. ಅಮೆರಿಕದ ದಕ್ಷಿಣದ ಗುಲಾಮಗಿರಿಯ ರಾಜ್ಯಗಳಲ್ಲಿ ತಿರುಗಾಡಿ ಕಂಡದ್ದನ್ನು ಪತ್ರಿಕೆಗೆ ಬರೆದವನು. ಜನರು ಹೇಗೆ ಬದುಕುತ್ತಾರೆ ಎಂಬುದನ್ನು ಮೊದಲು ಕಣ್ಣಿಟ್ಟು ನೋಡಿ ಬರೆದುದರಿಂದಲೇ ಅವರಿಗಾಗಿ ಬಯಲನ್ನು ರೂಪಿಸುವ ಯೋಗ್ಯತೆ ಅವನಿಗೆ ಬಂದಿತೆನ್ನಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ವ್ಯವಸ್ಥಿತ ಶಿಕ್ಷಣ 1900ರಲ್ಲಿ ಆರಂಭವಾಯಿತು. ಅಂತಾರಾಷ್ಟ್ರೀಯ ಒಕ್ಕೂಟ 1948ರಲ್ಲಿ ಸ್ಥಾಪನೆಯಾಯಿತು.

ಕರ್ನಾಟಕದಲ್ಲಿ ಈ ಕಥೆ ಲಾಲ್‌ಬಾಗಿನಿಂದ ತೊಡಗುತ್ತದೆ. ಹೈದರಾಲಿ 1760ರಲ್ಲಿ ಆರಂಭಿಸಿದ ಆ ತೋಟಕ್ಕೆ 1908ರಲ್ಲಿ ಜಿ. ಎಚ್. ಕ್ರುಂಬಿಗಲ್ ಬಂದರು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, 1893ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆಂದು ಭಾರತಕ್ಕೆ ಬಂದವರು ಅವರು. 1932ರವರೆಗೆ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದು ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಒಂದು ಜಾತಿಯ ಹೂ ಉದುರುವ ವೇಳೆಗೆ ಇನ್ನೊಂದು ಬೀದಿಯಲ್ಲಿ ಇನ್ನೊಂದು ಜಾತಿ ಅರಳಬೇಕು, ವರ್ಷದ ಯಾವ ತಿಂಗಳೂ ನಗರ ಹೂವಿಲ್ಲದೆ ಇರಬಾರದು ಎಂಬುದು ಅವರ ಕ್ರಮ. ಕಾವ್ಯದಲ್ಲಿ ಋತುವರ್ಣನೆ ಎನಿಸಿಕೊಳ್ಳುವುದು ಅವರ ಕೈಯಲ್ಲಿ ನೆಡುವ ವೇಳಾಪಟ್ಟಿಯಾಯಿತು. ಅವರ ನಂತರ ಲಾಲ್‌ಬಾಗನ್ನು ನೋಡಿಕೊಂಡ ಎಚ್. ಸಿ. ಜವರಾಯ ಅವರೂ ಕ್ಯೂನಲ್ಲಿ ತರಬೇತಿ ಪಡೆದವರು. ಮುಂದೆ ಬಂದ ಎಂ. ಎಚ್. ಮರಿಗೌಡರು ಹಾರ್ವರ್ಡ್‌ನಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದವರು.

ಆದರೆ ಬೆಂಗಳೂರಿನ ಮರಗಳ ಪಟ್ಟಿಯನ್ನು ಜತ್ತಕ್ಕೆ ತಂದು ನೆಟ್ಟರೆ ಅದು ಕಲಿಕೆಯಲ್ಲ, ನಕಲು. ಮಾಳದ ಋತುವರ್ಣನೆ ಬೇರೆ. ಶಿಶಿರದ ಕೊನೆಗೆ ಮುತ್ತುಗ, ಚೈತ್ರದಲ್ಲಿ ಬೇವು, ಬೇಸಿಗೆಯ ನಡುವೆ ಹೊಂಗೆ ಮತ್ತು ಕಕ್ಕೆ, ಹೀಗೆ ಇಲ್ಲಿಯ ನೆಲಕ್ಕೂ ತನ್ನದೇ ಆದ ಹೂವಿನ ಪಂಚಾಂಗವಿದೆ. ಕ್ರುಂಬಿಗಲ್ ಅವರಿಂದ ತೆಗೆದುಕೊಳ್ಳಬೇಕಾದುದು ಅವರು ಆರಿಸಿದ ಮರಗಳನ್ನಲ್ಲ, ಆರಿಸಿದ ವಿಧಾನವನ್ನು.

ಸ್ವಾತಂತ್ರ್ಯಾನಂತರದ ಭಾರತದಲ್ಲಿ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಸಂಸ್ಥೆಯಲ್ಲಿ 1970ರ ದಶಕದ ಆರಂಭದಲ್ಲಿ ಈ ವಿಷಯದ ಸ್ನಾತಕೋತ್ತರ ಶಿಕ್ಷಣ ಮೊದಲಾಯಿತು. ಆ ವಿಭಾಗದ ಮುಖ್ಯಸ್ಥರಾಗಿದ್ದ ಮೊಹಮ್ಮದ್ ಶಹೀರ್ ಅವರು ಹುಮಾಯೂನನ ಸಮಾಧಿಯ ತೋಟದ ಪುನರುಜ್ಜೀವನದಲ್ಲಿ ದುಡಿದರು; ಪಕ್ಕದ ಸುಂದರ್ ನರ್ಸರಿಗೆ ಹೊಸ ರೂಪ ಕೊಟ್ಟರು. ಅದು 2018ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ. ಈ ವೃತ್ತಿಯವರ ಸಂಘಟನೆಯಾದ ಭಾರತೀಯ ಭೂದೃಶ್ಯ ವಾಸ್ತುಶಿಲ್ಪಿಗಳ ಸಂಘ, ಅಂದರೆ ಐಸೋಲಾ, ಸ್ಥಾಪನೆಯಾದದ್ದು 2003ರಲ್ಲಿ.

4. ತರಗತಿಯಲ್ಲಿ ಕಲಿಯುವುದೇನು?

ಈ ವಿಷಯದ ಕಲಿಕೆ ಉಪನ್ಯಾಸಕ್ಕಿಂತ ಹೆಚ್ಚಾಗಿ ಸ್ಟುಡಿಯೋದಲ್ಲಿ ನಡೆಯುತ್ತದೆ. ಸ್ಟುಡಿಯೋ ಎಂದರೆ ಒಂದು ನಿಜವಾದ ಸ್ಥಳವನ್ನು ಆರಿಸಿಕೊಂಡು, ತಿಂಗಳುಗಟ್ಟಲೆ ಅದರ ಮೇಲೆ ಕೆಲಸ ಮಾಡಿ, ನಕ್ಷೆ ಮತ್ತು ಮಾದರಿಗಳ ಮೂಲಕ ಪರಿಹಾರ ಸೂಚಿಸಿ, ಎಲ್ಲರೆದುರು ಅದನ್ನು ಸಮರ್ಥಿಸುವ ಕ್ರಮ. ಅದರ ಸ್ವರೂಪ ತಿಳಿಯಲು ಒಂದು ಊಹಾ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮಾಡಗ್ಯಾಳದಂಥ ಊರಿನಲ್ಲಿ ಒಂದು ಎಕರೆಯ ಶಾಲಾ ಆವರಣವಿದೆ. ಅದಕ್ಕೆ ನೆರಳೂ ನೀರೂ ಬೇಕಾಗಿವೆ.

ಮೊದಲನೆಯದು ಇಳಿಜಾರು. ಗವಂಡಿಗಳು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪಿನಿಂದಲೇ ಎತ್ತರ ತಗ್ಗುಗಳನ್ನು ಅಳೆದು ಸಮಪಾತಳಿಯ ಗೆರೆಗಳನ್ನು ಎಳೆಯಬಹುದು. ನೀರು ಎಲ್ಲಿಂದ ಬಂದು ಎಲ್ಲಿ ಹೊರಗೆ ಹೋಗುತ್ತದೆ ಎಂಬುದು ಆಗ ಕಾಗದದ ಮೇಲೆ ಕಾಣುತ್ತದೆ.

ಎರಡನೆಯದು ನೀರಿನ ಲೆಕ್ಕ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ ಕೇವಲ 10 ಮಿಲಿಮೀಟರ್ ಮಳೆ ಬಿದ್ದರೂ ಸುಮಾರು 40,000 ಲೀಟರ್ ನೀರು ಬಿದ್ದಂತಾಯಿತು. ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿದ್ದರೆ ಅದರ ಬಹುಭಾಗ ಗೇಟಿನಿಂದ ಹೊರಗೆ ಹರಿದುಹೋಗುತ್ತದೆ. ಮಣ್ಣಿನ ತಗ್ಗು, ಒಡ್ಡು, ಇಂಗುಗುಂಡಿ ಇದ್ದರೆ ಒಂದು ಪಾಲು ಅಲ್ಲಿಯೇ ಉಳಿಯುತ್ತದೆ. ಟ್ಯಾಂಕರಿನ ಹಾದಿ ಕಾಯುವ ಊರಿಗೆ ಈ ಲೆಕ್ಕದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಮಣ್ಣು. ಕರಿಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಬಿರಿಯುತ್ತದೆ. ಮೊರಂ ನೀರನ್ನು ಕೆಳಗೆ ಬಿಡುತ್ತದೆ. ಒಂದೇ ಆವರಣದ ಎರಡು ಮೂಲೆಗಳಿಗೆ ಎರಡು ಬಗೆಯ ಗಿಡಗಳು ಬೇಕಾಗಬಹುದು. ನಾಲ್ಕನೆಯದು ಬಿಸಿಲು ಮತ್ತು ಗಾಳಿ. ಮಧ್ಯಾಹ್ನದ ನಂತರದ ಬಿಸಿಲು ತರಗತಿಯ ಪಡುವಣ ಗೋಡೆಯನ್ನು ಕಾಯಿಸುತ್ತದೆ. ಆದ್ದರಿಂದ ಬೇವಿನ ಸಾಲು ಮೊದಲು ಬೇಕಾದುದು ಅಲ್ಲಿಗೆ, ಮುಂಬಾಗಿಲ ಅಂದಕ್ಕಲ್ಲ. ಐದನೆಯದು ಜನ ಮತ್ತು ದನಕರು. ಮಕ್ಕಳು ಬೇಲಿಯ ಯಾವ ಸಂದಿಯಿಂದ ಬರುತ್ತಾರೆ, ಕುರಿಯ ಹಿಂಡು ಯಾವ ಬದಿಯಿಂದ ದಾಟುತ್ತದೆ ಎಂಬುದನ್ನು ಅರಿಯದೆ ಎಳೆದ ಕಾಲುದಾರಿಯ ಮೇಲೆ ಯಾರೂ ನಡೆಯುವುದಿಲ್ಲ. ಆರನೆಯದು ನೆನಪು. ಬನ್ನಿಯ ಕಟ್ಟೆ, ಹಳೆಯ ಬಾವಿ, ಪಲ್ಲಕ್ಕಿ ಇಳಿಸುವ ಜಾಗ, ಇವು ನಕ್ಷೆಯಲ್ಲಿ ಚುಕ್ಕೆಗಳಾದರೂ ಊರಿನ ಮನಸ್ಸಿನಲ್ಲಿ ದೊಡ್ಡವು.

ಈ ಆರು ಪದರಗಳನ್ನು ಬೇರೆ ಬೇರೆ ಪಾರದರ್ಶಕ ಹಾಳೆಗಳಲ್ಲಿ ಬರೆದು ಒಂದರ ಮೇಲೊಂದಿಟ್ಟು ನೋಡುವ ಕ್ರಮವನ್ನು ಇಯಾನ್ ಮೆಕ್‌ಹಾರ್ಗ್ ತನ್ನ ಡಿಸೈನ್ ವಿತ್ ನೇಚರ್ ಎಂಬ 1969ರ ಗ್ರಂಥದಿಂದ ಪ್ರಸಿದ್ಧಗೊಳಿಸಿದ. ಇಂದು ಅದೇ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಆದರೆ ಕಂಪ್ಯೂಟರಿಗೆ ಪದರಗಳನ್ನು ಕೊಡುವವರು ಸ್ಥಳದಲ್ಲಿ ನಡೆದಾಡಿರಲೇಬೇಕು.

ಸಸ್ಯಗಳ ಹೆಸರಿನ ವಿಷಯದಲ್ಲಿ ಈ ವಿದ್ಯೆ ಭಾಷೆಯ ವಿದ್ಯಾರ್ಥಿಗಳಿಗೂ ಒಂದು ಪಾಠ ಕಲಿಸುತ್ತದೆ. ದಸರೆಯಲ್ಲಿ ಪೂಜೆಗೊಳ್ಳುವ ಬನ್ನಿ ಪ್ರೊಸೋಪಿಸ್ ಸಿನರೇರಿಯಾ. ಅದು ಈ ನೆಲದ ಮರ. ಕೆರೆಯ ಅಂಗಳಗಳನ್ನು ಆಕ್ರಮಿಸಿರುವ ಬಳ್ಳಾರಿಜಾಲಿ ಪ್ರೊಸೋಪಿಸ್ ಜೂಲಿಫ್ಲೋರಾ ಎಂದು ಪ್ರಸಿದ್ಧವಾಗಿದೆ. ಅದು ಹೊರಗಿನಿಂದ ಬಂದುದು. ವಂಶ ಒಂದೇ ಎನಿಸಿಕೊಂಡರೂ ಗುಣ ಬೇರೆ. ಇನ್ನೊಂದು ತೊಡಕು ದಸರೆಯದೇ. ಮರಾಠಿ ಮನೆಗಳಲ್ಲಿ ಬಂಗಾರವೆಂದು ಹಂಚುವ ಎಲೆ ಆಪಟಾ ಮರದ್ದು. ಅದು ಬೇರೆಯೇ ಮರ. ಬಂಗಾರದ ಎಲೆಯ ಗಿಡವನ್ನು ನೆಡಿರಿ ಎಂದು ಯೋಜನೆಯಲ್ಲಿ ಬರೆದರೆ ಗಡಿಭಾಗದ ಎರಡು ಓಣಿಗಳಲ್ಲಿ ಎರಡು ಜಾತಿಯ ಮರಗಳು ಬೆಳೆಯುತ್ತವೆ. ಶಾಸ್ತ್ರೀಯ ಹೆಸರು ಬೇಕಾಗುವುದು ಈ ಕಾರಣಕ್ಕೆ. ಊರಿನ ಹೆಸರೂ ಬೇಕಾಗುವುದು ಗಿಡವನ್ನು ಕಾಯುವವರು ಊರಿನವರೇ ಆದುದರಿಂದ.

5. ಪ್ರವೇಶದ ದಾರಿಗಳು

ಭಾರತದಲ್ಲಿ ಈ ವಿಷಯವನ್ನು ಹೆಚ್ಚಾಗಿ ಸ್ನಾತಕೋತ್ತರ ಹಂತದಲ್ಲಿ ಕಲಿಸುತ್ತಾರೆ. ಮುಖ್ಯ ದಾರಿ ಹೀಗಿದೆ: ಹನ್ನೆರಡನೆಯ ಇಯತ್ತೆ, ನಂತರ 5 ವರ್ಷದ ಬಿ.ಆರ್ಕ್., ನಂತರ 2 ವರ್ಷದ ಭೂದೃಶ್ಯ ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿ. ಒಟ್ಟು ಏಳು ವರ್ಷಗಳ ಓದು. ಈ ದಾರಿಯ ಮೊದಲ ಕವಲು ಹತ್ತನೆಯ ಇಯತ್ತೆಯ ನಂತರವೇ ಬರುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಬಿ.ಆರ್ಕ್. ಪ್ರವೇಶಕ್ಕೆ ಹನ್ನೆರಡನೆಯ ಇಯತ್ತೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಡ್ಡಾಯ. ಹತ್ತನೆಯ ನಂತರ ಗಣಿತವಿರುವ ಮೂರು ವರ್ಷದ ಡಿಪ್ಲೊಮಾ ಮಾಡಿದವರಿಗೂ ಅವಕಾಶವಿದೆ. ಗಣಿತಕ್ಕೆ ಅಂಜಿ ಅದನ್ನು ಬಿಟ್ಟ ಮಗುವಿಗೆ ಈ ಬಾಗಿಲು ಹದಿನಾರನೆಯ ವಯಸ್ಸಿಗೇ ಮುಚ್ಚಿಕೊಳ್ಳುತ್ತದೆ, ಮುಚ್ಚಿತೆಂಬುದು ಅದಕ್ಕೆ ತಿಳಿಯುವುದೂ ಇಲ್ಲ.

ಪ್ರವೇಶ ಪರೀಕ್ಷೆಗಳು ಎರಡು. ವಾಸ್ತುಶಿಲ್ಪ ಪರಿಷತ್ತು ನಡೆಸುವ ನಾಟಾ ಒಂದು, ಜೆ.ಇ.ಇ. ಮೇನ್ ಪರೀಕ್ಷೆಯ ಎರಡನೆಯ ಪತ್ರಿಕೆ ಇನ್ನೊಂದು. ಎರಡರಲ್ಲೂ ಚಿತ್ರ ಬರೆಯುವ ಭಾಗವಿದೆ. ಜೆ.ಇ.ಇ. ಮೇನ್ ಪತ್ರಿಕೆ ಕನ್ನಡ ಮತ್ತು ಮರಾಠಿ ಸೇರಿ 13 ಭಾಷೆಗಳಲ್ಲಿ ದೊರೆಯುತ್ತದೆ. ಆದರೆ ಪ್ರಾದೇಶಿಕ ಭಾಷೆಯ ಪತ್ರಿಕೆ ಆಯಾ ರಾಜ್ಯದ ಕೇಂದ್ರಗಳಲ್ಲಿ ಮಾತ್ರ ಸಿಗುವುದರಿಂದ, ಕನ್ನಡ ಪತ್ರಿಕೆ ಬೇಕೆನ್ನುವವರು ಕರ್ನಾಟಕದ ಕೇಂದ್ರವನ್ನೇ ಆರಿಸಬೇಕಾಗುತ್ತದೆ.

ಜತ್ತದ ಕನ್ನಡ ಶಾಲೆಗಳ ಮಕ್ಕಳು ಅರಿತಿರಬೇಕಾದ ಇನ್ನೊಂದು ನಿಯಮವಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುವ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ಕಲಮು ಇದೆ. ಮಹಾರಾಷ್ಟ್ರದ ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳನ್ನು ಅದು ಹೆಸರಿಸಿ ಹೇಳುತ್ತದೆ. ವಾಸ ಮತ್ತು ವ್ಯಾಸಂಗದ ದಾಖಲೆಗಳೊಡನೆ ಅಭ್ಯರ್ಥಿ ಒಂದು ಕನ್ನಡ ಭಾಷಾ ಪರೀಕ್ಷೆಯಲ್ಲಿಯೂ ಉತ್ತೀರ್ಣನಾಗಬೇಕು. ಕನ್ನಡ ಕಲಿತು ಏನು ಪ್ರಯೋಜನ ಎಂದು ಕೇಳುವ ಪಾಲಕರಿಗೆ ಇದೊಂದು ಉತ್ತರ. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿಯೇ ಮುಂದುವರಿಯಬೇಕು.

ಮಹಾರಾಷ್ಟ್ರದಲ್ಲಿಯೇ ಓದುವವರಿಗೆ ಮಹಾಡಿಬಿಟಿ ಜಾಲತಾಣದ ಮೂಲಕ ರಾಜರ್ಷಿ ಶಾಹೂ ಮಹಾರಾಜರ ಹೆಸರಿನ ಶುಲ್ಕ ಶಿಷ್ಯವೃತ್ತಿ ಇದೆ. ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಳ ಮಿತಿಯೊಳಗಿರುವ ಕುಟುಂಬಗಳ, ನಿಗದಿತ ವರ್ಗಗಳ ವಿದ್ಯಾರ್ಥಿನಿಯರಿಗೆ ವೃತ್ತಿಶಿಕ್ಷಣದ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕಗಳಲ್ಲಿ ಪೂರ್ಣ ರಿಯಾಯಿತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಪ್ರಕಟಿಸಿತು. ಪುಣೆಯ ಡಾ. ಭಾನುಬೆನ್ ನಾನಾವಟಿ ಮಹಿಳಾ ವಾಸ್ತುಶಿಲ್ಪ ಕಾಲೇಜಿನಲ್ಲಿ ಬಿ.ಆರ್ಕ್. ಜೊತೆಗೆ ಭೂದೃಶ್ಯ ವಾಸ್ತುಶಿಲ್ಪದ ಸ್ನಾತಕೋತ್ತರ ಶಿಕ್ಷಣವೂ ಇದೆ. ದೆಹಲಿ ಮತ್ತು ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಇವು ಈ ವಿಷಯಕ್ಕೆ ಹೆಸರಾದ ಇತರ ಸಂಸ್ಥೆಗಳು. ಸ್ನಾತಕೋತ್ತರ ಹಂತದಲ್ಲಿ ಗೇಟ್ ಪರೀಕ್ಷೆಯ ಅಂಕವಿದ್ದವರಿಗೆ ಮಾಸಿಕ ವಿದ್ಯಾರ್ಥಿವೇತನದ ಅವಕಾಶವೂ ಇದೆ.

ಎರಡನೆಯ ದಾರಿ ತೋಟಗಾರಿಕೆಯ ಮೂಲಕ ಹೋಗುತ್ತದೆ. ವಿಜ್ಞಾನ ಶಾಖೆಯಲ್ಲಿ ಜೀವಶಾಸ್ತ್ರ ಓದಿದವರು 4 ವರ್ಷದ ತೋಟಗಾರಿಕೆ ಪದವಿ ಪಡೆದು, ಪುಷ್ಪಕೃಷಿ ಮತ್ತು ಭೂದೃಶ್ಯ ವಿಷಯದಲ್ಲಿ ಎಂ.ಎಸ್ಸಿ. ಮಾಡಬಹುದು. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಈ ಭಾಗಕ್ಕೆ ಹತ್ತಿರದ್ದು. ಈ ದಾರಿಯಲ್ಲಿ ಸಸ್ಯಜ್ಞಾನ ಹೆಚ್ಚು, ವಿನ್ಯಾಸ ಕಡಿಮೆ. ಇದರಿಂದ ವಾಸ್ತುಶಿಲ್ಪಿಯ ನೋಂದಣಿ ದೊರೆಯುವುದಿಲ್ಲ. ಅದಕ್ಕೆ 1972ರ ವಾಸ್ತುಶಿಲ್ಪಿಗಳ ಕಾಯ್ದೆಯಂತೆ ಮಾನ್ಯವಾದ ವಾಸ್ತುಶಿಲ್ಪದ ಅರ್ಹತೆಯೇ ಬೇಕು. ಈ ವ್ಯತ್ಯಾಸವನ್ನು ತಿಳಿದು ಆರಿಸಿಕೊಳ್ಳಬೇಕು.

6. ವೃತ್ತಿಯ ಕ್ಷೇತ್ರಗಳು

ಪದವಿಯ ನಂತರ ಬಹುಪಾಲು ಜನ ಖಾಸಗಿ ಸಲಹಾ ಕಚೇರಿಗಳಲ್ಲಿ ಕೆಲಸ ಆರಂಭಿಸುತ್ತಾರೆ. ವಸತಿ ಸಮುಚ್ಚಯ, ಆಸ್ಪತ್ರೆ, ವಿಶ್ವವಿದ್ಯಾಲಯಗಳ ಆವರಣ ಅಲ್ಲಿಯ ನಿತ್ಯದ ಕೆಲಸ. ಮಹಾನಗರಪಾಲಿಕೆಗಳ ಉದ್ಯಾನ ವಿಭಾಗ, ನಗರಾಭಿವೃದ್ಧಿ ಪ್ರಾಧಿಕಾರ, ಮೆಟ್ರೋ ನಿಗಮಗಳಿಗೂ ಇಂಥವರು ಬೇಕು. 2015ರ ಹಸಿರು ಹೆದ್ದಾರಿ ನೀತಿಯ ನಂತರ ರಸ್ತೆಬದಿಯ ನೆಡುವಿಕೆ ಯೋಜನೆಯ ಅಂಗವೇ ಆಗಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಗೆ ಒಳಪಡುವ ದೊಡ್ಡ ಯೋಜನೆಗಳಲ್ಲಿ, ಗಣಿ ಮುಚ್ಚಿದ ನೆಲದ ಪುನಶ್ಚೇತನದಲ್ಲಿ, ಪಾರಂಪರಿಕ ತಾಣಗಳ ಸಂರಕ್ಷಣೆಯಲ್ಲಿ, ಜಲಾನಯನ ಕಾರ್ಯಗಳಲ್ಲಿ, ಬೋಧನೆಯಲ್ಲಿ ಈ ಜ್ಞಾನಕ್ಕೆ ಸ್ಥಾನವಿದೆ.

ಕಷ್ಟಗಳನ್ನು ಮುಚ್ಚಿಡುವುದು ತಪ್ಪು. ಭೂದೃಶ್ಯ ವಾಸ್ತುಶಿಲ್ಪಕ್ಕೆಂದೇ ಪ್ರತ್ಯೇಕ ನೋಂದಣಿಯ ಕಾಯ್ದೆ ದೇಶದಲ್ಲಿಲ್ಲ. ಓದು ದೀರ್ಘವಾದುದು, ಕಾಗದ, ಮಾದರಿ, ಕಂಪ್ಯೂಟರುಗಳ ಖರ್ಚು ಶುಲ್ಕದ ಹೊರಗಿನದು. ಕಚೇರಿಗಳು ಬಹುಮಟ್ಟಿಗೆ ಪುಣೆ, ಬೆಂಗಳೂರು, ಮುಂಬಯಿಯಂಥ ನಗರಗಳಲ್ಲಿವೆ. ಒಣನಾಡಿಗೆ ಅತ್ಯಂತ ಬೇಕಾದ ವಿದ್ಯೆ ಒಣನಾಡಿನಿಂದ ದೂರದಲ್ಲಿಯೇ ಸಂಬಳ ಪಡೆಯುತ್ತದೆ.

ಈ ದೂರದ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 1972ರ ಬರಗಾಲದಲ್ಲಿ ಮಹಾರಾಷ್ಟ್ರದಾದ್ಯಂತ ದುಷ್ಕಾಳಿ ಕಾಮಗಾರಿಗಳಾಗಿ ಅನೇಕ ಪಾಝರ ತಲಾವುಗಳನ್ನು ಕಟ್ಟಲಾಯಿತು. ಹೆಸರೇ ಹೇಳುವಂತೆ ಅವುಗಳ ಕೆಲಸ ನೀರನ್ನು ನಿಲ್ಲಿಸುವುದಲ್ಲ, ಇಂಗಿಸುವುದು. ಬೇಸಿಗೆಗೆ ಮೊದಲೇ ಬರಿದಾದ ಇಂಥ ಕೆರೆಯನ್ನು ಕಂಡು ಕೆಟ್ಟುಹೋಗಿದೆ ಎಂದು ಹೊರಗಿನವನು ಬರೆದುಕೊಳ್ಳಬಹುದು. ಕೆಳಗಿನ ಹೊಲಗಳ ಬಾವಿಗಳಲ್ಲಿ ನೀರಿನ ಮಟ್ಟವನ್ನು ನೋಡಿದವನಿಗೆ ಮಾತ್ರ ಅದು ಕೆಲಸ ಮಾಡಿತೋ ಇಲ್ಲವೋ ಎಂಬುದು ತಿಳಿಯುತ್ತದೆ. ಯಾವ ಬಾವಿಯನ್ನು ನೋಡಬೇಕೆಂಬುದು ಆ ಊರಿನ ಮಗುವಿಗೆ ಹುಟ್ಟಿನಿಂದ ಗೊತ್ತು. ಅಂಥ ಮಗು ಈ ವಿದ್ಯೆಯನ್ನು ಕಲಿಯಬೇಕಾದುದು ತನ್ನ ಉದ್ಯೋಗಕ್ಕಾಗಿ ಮಾತ್ರವಲ್ಲ.

7. ಐಚ್ಛಿಕ ಕನ್ನಡದ ಅಭ್ಯಾಸಿಯ ಪಾಲು

ಕಲಾ ಶಾಖೆಯ ಪದವೀಧರರಿಗೆ ಬಿ.ಆರ್ಕ್.ನ ಬಾಗಿಲು ನೇರವಾಗಿ ತೆರೆದಿಲ್ಲ. ಆದರೂ ಈ ಕ್ಷೇತ್ರದ ಅಂಚಿನಲ್ಲಿ ಭಾಷೆಯ ವಿದ್ಯಾರ್ಥಿಯೇ ಮಾಡಬೇಕಾದ ಕೆಲಸಗಳಿವೆ. 2002ರ ಜೀವವೈವಿಧ್ಯ ಕಾಯ್ದೆಯ ವ್ಯವಸ್ಥೆಯಲ್ಲಿ ಸ್ಥಳೀಯ ಸಂಸ್ಥೆಗಳು ಸಮಿತಿ ರಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಊರಿನ ಗಿಡ, ಹುಲ್ಲು, ತಳಿ, ನೀರಿನ ನೆಲೆಗಳ ಹೆಸರು ಮತ್ತು ಬಳಕೆಗಳನ್ನು ಹಿರಿಯರ ಬಾಯಿಂದ ಕೇಳಿ ಬರೆಯುವುದು ಜಾನಪದದ ಕ್ಷೇತ್ರಕಾರ್ಯದಲ್ಲಿ ಪಳಗಿದವರಿಗೆ ಸಹಜವಾದ ಕೆಲಸ. ಪಾರಂಪರಿಕ ತಾಣಗಳ ವಿವರಣಾ ಫಲಕ, ಯೋಜನಾ ವರದಿಗಳ ಅನುವಾದ, ಗ್ರಾಮಸಭೆಯಲ್ಲಿ ಜನ ಆಡಿದ ಮಾತಿನ ನಿಖರವಾದ ದಾಖಲೆ, ಇವೂ ಅಂಥವೇ.

ಜತ್ತದ ದ್ವಿಭಾಷಿಕರಿಗೆ ಇಲ್ಲಿ ವಿಶೇಷ ಅನುಕೂಲವಿದೆ. ಹಳ್ಳವನ್ನು ಓಢಾ, ಬಾವಿಯನ್ನು ವಿಹೀರ, ಒಡ್ಡನ್ನು ಬಾಂಧ, ಬೇವನ್ನು ಕಡುಲಿಂಬ, ಹುಣಸೆಯನ್ನು ಚಿಂಚ ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲವರು ಅವರು. ಮಾಳ ಎಂಬ ಪದವಂತೂ ಎರಡೂ ಭಾಷೆಗಳಲ್ಲಿ ಮಾಳವೇ. ಸರಕಾರಿ ಕಾಗದ ಮರಾಠಿಯಲ್ಲಿ, ಹೊಲದ ಮಾತು ಕನ್ನಡದಲ್ಲಿ ಇರುವ ಊರುಗಳಲ್ಲಿ ಇವೆರಡನ್ನೂ ಕೂಡಿಸುವವರಿಲ್ಲದೆ ಯಾವ ಯೋಜನೆಯೂ ಸರಿಯಾಗಿ ನೆಲಕ್ಕೆ ಇಳಿಯುವುದಿಲ್ಲ.

ಉಪಸಂಹಾರ

ಕಾವೇರಿಯಿಂದ ಗೋದಾವರಿಯವರೆಗಿನದು ಕನ್ನಡ ನಾಡೆಂದು ಕವಿರಾಜಮಾರ್ಗ ಗುರುತಿಸಿತು. ಕನ್ನಡದ ಮೊದಲ ಶಾಸ್ತ್ರಗ್ರಂಥ ನಾಡನ್ನು ಅಳೆದುದು ನದಿಗಳಿಂದ ಎಂಬುದು ಇಲ್ಲಿ ನೆನೆಯತಕ್ಕದ್ದು. ಆ ಎರಡು ನದಿಗಳ ನಡುವೆಯೇ ಇದ್ದೂ ನೀರಿಗಾಗಿ ಕಾಯುವ ಮಾಳ ಜತ್ತದ್ದು. ಅದನ್ನು ಓದುವ ವಿದ್ಯೆ ಕುರುಬನಲ್ಲಿದೆ, ಗವಂಡಿಯಲ್ಲಿದೆ, ಹೊಲದ ಹೆಂಗಸರಲ್ಲಿದೆ, ಲೋಕೋಪಕಾರದಲ್ಲಿಯೂ ಇದೆ. ವಿಶ್ವವಿದ್ಯಾಲಯ ಅದಕ್ಕೆ ಅಳತೆ ಮತ್ತು ನಕ್ಷೆಗಳನ್ನು ಕೂಡಿಸುತ್ತದೆ. ಈ ಎರಡೂ ಒಬ್ಬರಲ್ಲಿಯೇ ಸೇರಬೇಕಾದರೆ ಮಾಡಗ್ಯಾಳದಂಥ ಊರಿನ ಮಗುವೊಂದು ಹತ್ತನೆಯ ಇಯತ್ತೆಯ ನಂತರ ಗಣಿತವನ್ನು ಬಿಡದೆ ಇರಬೇಕು. ಹಾಗೆ ಬಿಡದಿರಲು ಯಾರಾದರೂ ಅದಕ್ಕೆ ಸಕಾಲದಲ್ಲಿ ಹೇಳಬೇಕು. ಈ ಲೇಖನವನ್ನು ಓದಿದವರ ಮನೆಯಲ್ಲಿ ಅಂಥ ಮಗುವಿದ್ದರೆ ಹೇಳುವ ಹೊಣೆ ಅವರದು.

ಅಭ್ಯಾಸ

1. ಲೋಕೋಪಕಾರದ ವಾಸ್ತು, ಉದಕಾರ್ಗಳ ಮತ್ತು ವೃಕ್ಷಾಯುರ್ವೇದ ಭಾಗಗಳು ಒಂದೇ ಗ್ರಂಥದಲ್ಲಿರುವುದರ ಔಚಿತ್ಯವನ್ನು ಚರ್ಚಿಸಿರಿ.

2. ಪಠ್ಯದಲ್ಲಿರುವ ಯಾವುದಾದರೊಂದು ಋತುವರ್ಣನೆಯನ್ನು ಆರಿಸಿಕೊಂಡು, ಅದರಲ್ಲಿ ಬರುವ ಗಿಡಮರಗಳನ್ನು ಪಟ್ಟಿಮಾಡಿ. ಅವುಗಳಲ್ಲಿ ನಿಮ್ಮ ಊರಿನ ಮಣ್ಣಿಗೆ ಒಗ್ಗುವವು ಯಾವುವು?

3. ನಿಮ್ಮ ಊರಿನ ಹೊಲ, ಹಳ್ಳ, ಬಾವಿ, ಗುಡ್ಡಗಳ ಕನ್ನಡ ಮತ್ತು ಮರಾಠಿ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿರಿ. ಕನಿಷ್ಠ 20 ಹೆಸರುಗಳಿರಲಿ.

4. ನಿಮ್ಮ ಮನೆಯ ಮಾಳಿಗೆಯ ಉದ್ದ ಅಗಲಗಳನ್ನು ಮೀಟರಿನಲ್ಲಿ ಅಳೆದು, 10 ಮಿಲಿಮೀಟರ್ ಮಳೆಗೆ ಎಷ್ಟು ಲೀಟರ್ ನೀರು ಬೀಳುತ್ತದೆ ಎಂದು ಲೆಕ್ಕಹಾಕಿರಿ.

5. ನಿಮ್ಮ ಓಣಿಯಲ್ಲಿ ಒಂಬತ್ತು ಅಥವಾ ಹತ್ತನೆಯ ಇಯತ್ತೆಯಲ್ಲಿರುವ ಒಂದು ಮಗುವಿಗೆ ಈ ಓದಿನ ದಾರಿಯನ್ನು ಒಂದು ಪುಟದ ಪತ್ರದಲ್ಲಿ ತಿಳಿಸಿರಿ. ಪತ್ರವನ್ನು ಬರೆದಿಟ್ಟರೆ ಸಾಲದು, ತಲುಪಿಸಿರಿ.